ವಿದ್ಯಾರ್ಥಿ ತಂಡ, ತಂತ್ರಾಂಶ, ಪ್ರಸ್ತಾವನೆ: ಅರ್ಧ ಶತಮಾನದ ಹಿನ್ನೋಟ

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ತರಗತಿಗಳು ಆರಂಭವಾದೊಡನೆ ನೋಟೀಸ್ ಬೋರ್ಡಿನ ಮೇಲೆ ಒಂದು ಸೂಚನೆ ಕಾಣಿಸಿಕೊಳ್ಳುತ್ತದೆ. ಮೂರು ಅಥವಾ ನಾಲ್ಕು ಜನರ ತಂಡ ಕಟ್ಟಿಕೊಂಡು ಇಂತಿಷ್ಟು ದಿನದೊಳಗೆ ಪ್ರಾಜೆಕ್ಟ್ ಪ್ರಸ್ತಾವನೆ ಸಲ್ಲಿಸತಕ್ಕದ್ದು ಎಂಬುದು ಅದರ ಸಾರಾಂಶ. ಈಚೆಗೆ ವಿಜ್ಞಾನ ಪದವಿ ಕಾಲೇಜುಗಳಿಗೂ ಈ ಪದ್ಧತಿ ಬಂದಿದೆ. ತಂಡ ಒಂದೇ ದಿನದಲ್ಲಿ ಆಗುತ್ತದೆ. ಹಾಸ್ಟೆಲಿನ ಒಂದೇ ಕೋಣೆಯವರು, ಒಂದೇ ಬಸ್ಸಿನಲ್ಲಿ ಓಡಾಡುವವರು ಒಂದು ತಂಡ. ಶೀರ್ಷಿಕೆ ಹಿಂದಿನ ವರ್ಷದವರ ವರದಿಯಿಂದ ಸಿಗುತ್ತದೆ. ಪ್ರಸ್ತಾವನೆ ಎಂಬ ನಾಲ್ಕು ಪುಟಗಳನ್ನು ಕೊನೆಯ ರಾತ್ರಿ ಒಬ್ಬನೇ ಕುಳಿತು ಬರೆಯುತ್ತಾನೆ, ಉಳಿದವರು ಸಹಿ ಹಾಕುತ್ತಾರೆ.

ಹೀಗಾಗುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನವೇ ಕಾರಣವಲ್ಲ. ಪ್ರಸ್ತಾವನೆ ಎಂದರೆ ಕಚೇರಿಗೆ ಸಲ್ಲಬೇಕಾದ ಕಾಗದ, ನಿಜವಾದ ಕೆಲಸ ಗಣಕದ ಮುಂದೆ ಕುಳಿತ ಮೇಲೆ ಶುರುವಾಗುವಂಥದು ಎಂಬ ಭಾವನೆ ಅಧ್ಯಾಪಕರಲ್ಲೂ ಇದೆ. ತಂತ್ರಾಂಶದ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಿದರೆ ಈ ಭಾವನೆ ನಿಲ್ಲುವುದಿಲ್ಲ. ಯೋಜನೆಗಳು ಕೆಟ್ಟದ್ದು ಹೆಚ್ಚಾಗಿ ಕ್ರಮವಿಧಿಯ ಸಾಲುಗಳೊಳಗಲ್ಲ. ಒಬ್ಬನ ಕೆಲಸ ಇನ್ನೊಬ್ಬನ ಕೆಲಸವನ್ನು ಮುಟ್ಟುವ ಜಾಗದಲ್ಲಿ ಅವು ಕೆಟ್ಟಿವೆ. ಆ ಜಾಗಗಳನ್ನು ಮೊದಲೇ ಗುರುತಿಸಿ ಬರೆದಿಡುವ ಕಾಗದವೇ ಪ್ರಸ್ತಾವನೆ.

ಗಾರ್ಮಿಶ್ ಸಭೆ ಮತ್ತು ಬ್ರೂಕ್ಸ್ ಲೆಕ್ಕ

1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಬೆಟ್ಟದೂರಿನಲ್ಲಿ ನ್ಯಾಟೋದ ವಿಜ್ಞಾನ ಸಮಿತಿಯ ಆಶ್ರಯದಲ್ಲಿ ಸುಮಾರು 50 ಜನ ತಜ್ಞರು ಸೇರಿದರು. ಯಂತ್ರಾಂಶ ವರ್ಷದಿಂದ ವರ್ಷಕ್ಕೆ ಅಗ್ಗವಾಗಿ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ, ಅದರ ಮೇಲೆ ಓಡಬೇಕಾದ ತಂತ್ರಾಂಶ ಮಾತ್ರ ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ, ಹೇಳಿದ ಹಣದಲ್ಲೂ ಮುಗಿಯುತ್ತಿರಲಿಲ್ಲ. ಸೇತುವೆ ಕಟ್ಟುವ ಇಂಜಿನಿಯರನಿಗೆ ಇರುವ ಶಿಸ್ತು ತಂತ್ರಾಂಶ ಬರೆಯುವವನಿಗೂ ಬೇಕು ಎಂಬ ಆಶಯದಿಂದ ಸಭೆಗೆ 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಎಂಬ ಹೆಸರನ್ನೇ ಇಟ್ಟಿದ್ದರು. ಇಂದು ನಮ್ಮ ಪಠ್ಯಕ್ರಮದಲ್ಲಿ ಕಡ್ಡಾಯ ವಿಷಯವಾಗಿರುವ ಈ ಹೆಸರು, ಬಳಕೆಗೆ ಬಂದಾಗ ಇಲ್ಲದ ವಸ್ತುವೊಂದಕ್ಕೆ ಇಟ್ಟ ಹೆಸರಾಗಿತ್ತು.

ಅಂದು ಎಲ್ಲರ ಕಣ್ಣ ಮುಂದಿದ್ದ ಉದಾಹರಣೆ ಐ.ಬಿ.ಎಂ. ಸಂಸ್ಥೆಯ ಓ.ಎಸ್. 360. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರೂ ಅದು ತಡವಾಯಿತು. ಅದರ ಮುಖ್ಯಸ್ಥರಾಗಿದ್ದ ಫ್ರೆಡರಿಕ್ ಬ್ರೂಕ್ಸ್ ಆಮೇಲೆ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯ ಸೇರಿ, ಅನುಭವವನ್ನೆಲ್ಲ 1975ರಲ್ಲಿ 'ದ ಮಿಥಿಕಲ್ ಮ್ಯಾನ್-ಮಂತ್' ಎಂಬ ಪುಸ್ತಕವಾಗಿಸಿದರು. ತಡವಾಗಿರುವ ತಂತ್ರಾಂಶಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬ ಅವರ ಮಾತು 'ಬ್ರೂಕ್ಸ್ ನಿಯಮ' ಎಂದೇ ಪ್ರಸಿದ್ಧವಾಗಿದೆ.

ಭೌತವಿಜ್ಞಾನದವರಿಗೆ ಇದರ ಹಿಂದಿನ ಗಣಿತ ಹೊಸದಲ್ಲ. n ಕಣಗಳಿದ್ದರೆ ಅವುಗಳ ನಡುವಿನ ಜೋಡಿಗಳ ಸಂಖ್ಯೆ n(n−1)/2. ನಾಲ್ವರ ತಂಡದಲ್ಲಿ 6 ಜೋಡಿ, ಐವರ ತಂಡದಲ್ಲಿ 10. ಕೈಗಳು ಕಾಲು ಭಾಗ ಹೆಚ್ಚಿದಾಗ ಮಾತುಕತೆಯ ದಾರಿಗಳು ಮೂರರಲ್ಲಿ ಎರಡು ಭಾಗದಷ್ಟು ಹೆಚ್ಚಾದವು. ಗದ್ದೆ ಕೊಯ್ಲಿಗೆ ನಾಲ್ಕು ಆಳಿನ ಜೊತೆಗೆ ಇನ್ನೊಂದು ಆಳು ಬಂದರೆ ಕೆಲಸ ಬೇಗ ಮುಗಿಯುತ್ತದೆ, ಏಕೆಂದರೆ ಒಬ್ಬನ ಸಾಲಿಗೂ ಇನ್ನೊಬ್ಬನ ಸಾಲಿಗೂ ಸಂಬಂಧವಿಲ್ಲ. ತಂತ್ರಾಂಶದಲ್ಲಿ ಸಂಬಂಧವಿದೆ, ತೊಡಕೆಲ್ಲ ಅಲ್ಲಿಯೇ.

ಬ್ರೂಕ್ಸ್ ಕೊಟ್ಟ ಇನ್ನೊಂದು ಅಂದಾಜು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಯೋಜನಕಾರಿ. ಒಟ್ಟು ಅವಧಿಯ ಮೂರನೆಯ ಒಂದು ಭಾಗ ಯೋಜನೆಗೆ, ಆರನೆಯ ಒಂದು ಭಾಗ ಮಾತ್ರ ಕ್ರಮವಿಧಿ ಬರೆಯಲು, ಕಾಲು ಭಾಗ ಬಿಡಿ ಭಾಗಗಳ ಪರೀಕ್ಷೆಗೆ, ಉಳಿದ ಕಾಲು ಭಾಗ ಎಲ್ಲವನ್ನೂ ಜೋಡಿಸಿ ಪರೀಕ್ಷಿಸಲು. 24 ವಾರಗಳ ಪ್ರಾಜೆಕ್ಟ್ ಎಂದರೆ 8 ವಾರ ಯೋಜನೆ, 4 ವಾರ ಬರವಣಿಗೆ, 6 ಮತ್ತು 6 ವಾರ ಪರೀಕ್ಷೆ. ನಮ್ಮಲ್ಲಿ ಸಲ್ಲಿಕೆಯಾಗುವ ಕಾಲಪಟ್ಟಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅವುಗಳಲ್ಲಿ ಬರವಣಿಗೆಗೆ 18 ವಾರ, ಜೋಡಣೆಗೆ ಕೊನೆಯ ವಾರ, ಪರೀಕ್ಷೆಗೆ ಪರೀಕ್ಷಕರು ಬರುವ ಹಿಂದಿನ ದಿನ!

ಇದೇ ಸಂದರ್ಭದಲ್ಲಿ ವಿನ್‌ಸ್ಟನ್ ರಾಯ್ಸ್ ಅವರ ವಿಷಯವನ್ನೂ ಹೇಳಬೇಕು. 1970ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಒಂದು ಚಿತ್ರವಿತ್ತು: ಅಗತ್ಯಗಳ ಪಟ್ಟಿ, ವಿನ್ಯಾಸ, ಬರವಣಿಗೆ, ಪರೀಕ್ಷೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಜಲಪಾತ. ಎಲ್ಲ ಪಠ್ಯಪುಸ್ತಕಗಳೂ ಆ ಚಿತ್ರವನ್ನು ತೆಗೆದುಕೊಂಡವು. ಚಿತ್ರದ ಕೆಳಗೆ ರಾಯ್ಸ್ ಕೊಟ್ಟಿದ್ದ ಎಚ್ಚರಿಕೆ ಮಾತ್ರ ಹೆಚ್ಚಿನ ಕಡೆ ಬಿಟ್ಟುಹೋಯಿತು. ಈ ರೀತಿ ಒಂದೇ ಸಲಕ್ಕೆ ಇಳಿದರೆ ಅಪಾಯ, ಹೊಸ ಬಗೆಯ ತಂತ್ರಾಂಶವಾದರೆ ಮೊದಲು ಸಣ್ಣದಾಗಿ ಒಮ್ಮೆ ಮಾಡಿ ನೋಡಿ ಆಮೇಲೆ ನಿಜವಾದದ್ದನ್ನು ಮಾಡಿ ಎಂಬುದು ಅವರ ಸಲಹೆಯಾಗಿತ್ತು. ಮೂಲ ಓದದೆ ಚಿತ್ರ ಮಾತ್ರ ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ತರಗತಿಯೊಳಗೆ ಒಂದು ಸಂತೆ

ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ? ಟೊರಾಂಟೊ ವಿಶ್ವವಿದ್ಯಾನಿಲಯದ ಹಾರ್ನಿಂಗ್ ಮತ್ತು ವರ್ಟ್‌ಮನ್ ಎಂಬ ಅಧ್ಯಾಪಕರು ಇದಕ್ಕೆ ಒಂದು ಆಟ ಹೂಡಿದರು. 1977ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಆ ಆಟಕ್ಕೆ 'ಸಾಫ್ಟ್‌ವೇರ್ ಹಟ್' ಎಂದು ಹೆಸರು. ತರಗತಿಯ ಪ್ರತಿ ತಂಡವೂ ಒಂದು ಚಿಕ್ಕ ಕಂಪನಿ. ಪೂರ್ತಿ ತಂತ್ರಾಂಶವನ್ನು ಯಾರೂ ಬರೆಯುವುದಿಲ್ಲ. ಪ್ರತಿ ತಂಡ ಒಂದು ಭಾಗವನ್ನು ತಯಾರಿಸಿ, ಉಳಿದ ಭಾಗಗಳನ್ನು ಬೇರೆ ತಂಡಗಳಿಂದ ಆಟದ ಹಣ ಕೊಟ್ಟು ಕೊಳ್ಳಬೇಕು. ಕೊಂಡದ್ದನ್ನು ತನ್ನದರೊಂದಿಗೆ ಜೋಡಿಸಬೇಕು, ಆಮೇಲೆ ಬೇರೆಯವರು ಬರೆದ ಆ ಸಾಲುಗಳಲ್ಲೇ ಬದಲಾವಣೆಗಳನ್ನೂ ಮಾಡಬೇಕು.

ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನು ತಿರುಗಿಸಿ ನೋಡಿಯೇ ಕೊಳ್ಳುತ್ತಾನೆ. ಹಾಗೆಯೇ ಇಲ್ಲಿ ವಿವರಣೆ ಸರಿಯಾಗಿ ಬರೆಯದ ತಂಡದ ಸರಕನ್ನು ಕೊಳ್ಳಲು ಹಿಂಜರಿಕೆ ಸಹಜ. ಚೊಕ್ಕಟವಾಗಿ ಬರೆದಿಡಿ ಎಂದು ಅಧ್ಯಾಪಕ ನೂರು ಸಲ ಹೇಳಿದರೂ ಆಗದ ಕೆಲಸವನ್ನು ಗೆಳೆಯನೇ ಗಿರಾಕಿಯಾದಾಗ ಸಂತೆ ಮಾಡಿಸುತ್ತದೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಒಂದು ತಿಂಗಳ ಪ್ರಯೋಗವಾಗಿ ನಡೆಸಲು ಯಾವ ಉಪಕರಣವೂ ಬೇಕಿಲ್ಲ, ಖರ್ಚೂ ಇಲ್ಲ.

ಕರ್ನಾಟಕದ ಕಥೆ

ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಪ್ರಸ್ತಾವನೆಗಳಿಗೆ ಒಂದು ನೆಲೆ ಒದಗಿದ್ದು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾಯಿತು. ಅದರ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನ ವಿಜ್ಞಾನಿ. ಪ್ರಯೋಗಶಾಲೆ ಬಿಟ್ಟು ಹಳ್ಳಿಯ ಒಲೆ, ಗೋಬರ್ ಅನಿಲ, ಇಟ್ಟಿಗೆಗಳ ಕಡೆಗೆ ಹೊರಳಿದವರು. ವಿಜ್ಞಾನ ಸಂಸ್ಥೆಯಲ್ಲಿ ಅವರು 1974ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ತನ್ನ ಕಾರ್ಯಕ್ಷೇತ್ರ ಮಾಡಿಕೊಂಡಿತ್ತು.

ಇಂಥ ಹಿನ್ನೆಲೆಯ ಮಂಡಳಿ 1977-78ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ನೀಡುವ ಕಾರ್ಯಕ್ರಮ ಆರಂಭಿಸಿತು. ಅದು ಇಂದಿಗೂ ನಡೆದು ಬಂದಿದೆ, 2023-24ರದು 47ನೆಯ ಸರಣಿ. ತಂಡ ತನ್ನ ಮಾರ್ಗದರ್ಶಕರ ಮೂಲಕ ಪ್ರಸ್ತಾವನೆ ಕಳುಹಿಸುತ್ತದೆ. ತಜ್ಞರು ಪರಿಶೀಲಿಸಿ ಆಯ್ದವುಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ನೀಡುತ್ತಾರೆ. ನಡುವೆ ಮೌಲ್ಯಮಾಪನ, ಕೊನೆಗೆ ರಾಜ್ಯ ಮಟ್ಟದ ವಿಚಾರ ಸಂಕಿರಣ ಮತ್ತು ಪ್ರದರ್ಶನ. ಪ್ರಸ್ತಾವನೆಯ ನಮೂನೆಯಲ್ಲಿ ಹಿನ್ನೆಲೆ, ಉದ್ದೇಶ, ವಿಧಾನ, ನಿರೀಕ್ಷಿತ ಫಲ, ಖರ್ಚಿನ ವಿವರಗಳ ಜೊತೆಗೆ ಈ ಯೋಜನೆಯಿಂದ ಉದ್ಯಮಕ್ಕೋ ಸಮಾಜಕ್ಕೋ ಸಂಸ್ಥೆಗೋ ಏನು ಪ್ರಯೋಜನ ಎಂಬ ಪ್ರಶ್ನೆಯೂ ಇರುತ್ತದೆ. ಹಣ ದೊಡ್ಡದಲ್ಲ. ಆದರೆ ತನ್ನ ಕಾಲೇಜಿನ ಹೊರಗಿನ, ತನ್ನ ಮುಖ ಪರಿಚಯವಿಲ್ಲದ ಒಬ್ಬ ಓದುಗನಿಗಾಗಿ ಬರೆಯಬೇಕಾದ ಅನಿವಾರ್ಯತೆ ದೊಡ್ಡದು. ಅದುವರೆಗೆ ವಿದ್ಯಾರ್ಥಿ ಬರೆದದ್ದೆಲ್ಲ ಉತ್ತರ ಪತ್ರಿಕೆ. ಅಲ್ಲಿ ಓದುಗನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಆರಂಭದ ಆ ವರ್ಷಗಳಲ್ಲಿ ಕೈಗೆ ಸಿಕ್ಕುವ ವಸ್ತುಗಳದೇ ಕಾಲ. ತಂತ್ರಾಂಶ ಹಿಂದಿನಿಂದ ಬಂತು. 1980ರ ದಶಕದ ಆರಂಭದಲ್ಲಿ ಪ್ರೊ. ವಿ. ರಾಜಾರಾಮನ್ ಅವರ ನೇತೃತ್ವದ ಸಮಿತಿಯ ಫಲವಾಗಿ ಎಂ.ಸಿ.ಎ. ತರಗತಿಗಳು ಬಂದವು, ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಅದರ ಅಂಗವಾಯಿತು. ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘದ ವಿಜಯನಗರ ಇಂಜಿನಿಯರಿಂಗ್ ಕಾಲೇಜು (ಈಗಿನ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು) 1980ರಲ್ಲಿ ಸ್ಥಾಪನೆಯಾಯಿತು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬಂದ ಮೇಲೆ ರಾಜ್ಯದ ಕಾಲೇಜುಗಳೆಲ್ಲ ಒಂದೇ ಪಠ್ಯಕ್ರಮದ ಕೆಳಗೆ ಬಂದವು. ಒಮ್ಮೆಗೇ ಸಾವಿರಾರು ತಂಡಗಳಿಗೆ ಸಾವಿರಾರು ಶೀರ್ಷಿಕೆಗಳು ಬೇಕಾದವು. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ವಿದ್ಯಾರ್ಥಿ ಹಾಜರಾತಿ ಹೀಗೆ ಅವೇ ನಾಲ್ಕಾರು ವಿಷಯಗಳು ಮತ್ತೆ ಮತ್ತೆ ತಿರುಗಿದವು. ಅವುಗಳ ಬೆನ್ನಿಗೇ ಪಟ್ಟಣಗಳಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳೂ ಹುಟ್ಟಿಕೊಂಡವು. ಅಂಗಡಿಯಲ್ಲಿ ತಂತ್ರಾಂಶ ಮೊದಲು ಸಿಗುತ್ತದೆ, ಅದಕ್ಕೆ ತಕ್ಕ ಪ್ರಸ್ತಾವನೆ ಆಮೇಲೆ. ಇದರಲ್ಲಿ ವಿದ್ಯಾರ್ಥಿ ಕಳೆದುಕೊಳ್ಳುವುದು ಪ್ರೋಗ್ರಾಂ ಬರೆಯುವ ಅಭ್ಯಾಸವನ್ನಲ್ಲ, ಅದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂದು ನಾಲ್ವರು ಕೂಡಿ ನಿರ್ಧರಿಸುವ ಏಕೈಕ ಅವಕಾಶವನ್ನು ಕಳೆದುಕೊಳ್ಳುತ್ತಾನೆ.

ಏಳು ಕಾಲೇಜು, ಒಂದು ಕಿಲೋಗ್ರಾಂ

ಇದೇ ಅವಧಿಯಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಪ್ರಯತ್ನವೂ ನಮ್ಮಲ್ಲೇ ನಡೆಯಿತು. 2007ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷಯಾನ ಸಮ್ಮೇಳನ ಸೇರಿತು. ಅದಕ್ಕೆ ಹೋಗಿದ್ದ ಬೆಂಗಳೂರು ಮತ್ತು ಹೈದರಾಬಾದಿನ ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಾವೂ ಒಂದು ಉಪಗ್ರಹ ಮಾಡಬಾರದೇಕೆ ಎನ್ನಿಸಿತು. ಹುಡುಗಾಟದ ಮಾತೆಂದು ತೋರುವ ಈ ಯೋಚನೆ 'ಸ್ಟುಡ್‌ಸ್ಯಾಟ್' ಆಯಿತು. ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯ ಮುಂದಾಳುತನದಲ್ಲಿ ಬೆಂಗಳೂರಿನ ನಾಲ್ಕು, ಹೈದರಾಬಾದಿನ ಮೂರು ಕಾಲೇಜುಗಳು ಇದಕ್ಕಾಗಿ ಕೂಡಿಕೊಂಡವು. ಮಾರ್ಗದರ್ಶನ ಮತ್ತು ಉಡಾವಣೆ ಇಸ್ರೋದ್ದು.

ಉಪಗ್ರಹವನ್ನು ತಂತ್ರಾಂಶ ಯೋಜನೆ ಎನ್ನಬಹುದೇ ಎಂದು ಕೇಳಬಹುದು. ಪೆಟ್ಟಿಗೆ ಅಲ್ಯೂಮಿನಿಯಂ ಇರಬಹುದು, ಆದರೆ ಅದರೊಳಗೆ ಯಾವಾಗ ಕ್ಯಾಮೆರಾ ತೆರೆಯಬೇಕು, ಬ್ಯಾಟರಿ ಇಳಿದಾಗ ಯಾವುದನ್ನು ಆರಿಸಬೇಕು, ನೆಲದ ಆಜ್ಞೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದೆಲ್ಲ ಕ್ರಮವಿಧಿಯ ಕೆಲಸ. ಒಮ್ಮೆ ಮೇಲೆ ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಹತ್ತಿರ ಹೋಗುವಂತಿಲ್ಲ.

ಏಳು ಕಾಲೇಜುಗಳ ನಡುವೆ ಬ್ರೂಕ್ಸ್ ಲೆಕ್ಕದಲ್ಲಿ 21 ಜೋಡಿಗಳು. ಒಂದು ಕಾಲೇಜು ನಡುವೆ ನಿಂತು ಎಲ್ಲರೂ ಅದರ ಮೂಲಕವೇ ಮಾತನಾಡಿದರೆ ಜೋಡಿಗಳು 6 ಮಾತ್ರ. ಮುಂದಾಳು ಸಂಸ್ಥೆ ಎಂಬುದು ಗೌರವದ ಪ್ರಶ್ನೆಯಲ್ಲ, 21ನ್ನು 6ಕ್ಕೆ ಇಳಿಸುವ ಉಪಾಯ. ನಾಲ್ವರ ತಂಡದಲ್ಲೂ ನಾಯಕನ ಪ್ರಯೋಜನ ಇಷ್ಟೇ, ಆದರೆ ಇದು ಕಡಿಮೆ ಪ್ರಯೋಜನವಲ್ಲ.

ಎರಡನೆಯ ವಿಷಯ ಮಿತಿ. 1999ರಲ್ಲಿ ಅಮೆರಿಕದ ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ ಮತ್ತು ಸ್ಟ್ಯಾನ್‌ಫರ್ಡಿನ ಬಾಬ್ ಟ್ವಿಗ್ಸ್ ಅವರು ವಿದ್ಯಾರ್ಥಿಗಳಿಗೆಂದೇ 'ಕ್ಯೂಬ್‌ಸ್ಯಾಟ್' ಮಾನಕ ರೂಪಿಸಿದ್ದರು. 10 ಸೆಂಟಿಮೀಟರ್ ಘನ, ತೂಕ ಸುಮಾರು ಒಂದು ಕಿಲೋಗ್ರಾಂ. ಸ್ಟುಡ್‌ಸ್ಯಾಟ್ ಕೂಡ ಇದೇ ವರ್ಗದ್ದು: ಅಳತೆ 10×10×13.5 ಸೆಂ.ಮೀ., ತೂಕ ಒಂದು ಕಿಲೋಗ್ರಾಂಗಿಂತ ಸ್ವಲ್ಪ ಕಡಿಮೆ. 2009ರಲ್ಲಿ ಹಾರಿದ ಅಣ್ಣಾ ವಿಶ್ವವಿದ್ಯಾನಿಲಯದ 'ಅನುಸ್ಯಾಟ್' 40 ಕಿ.ಗ್ರಾಂ. ಇತ್ತು. ಮಿತಿ ಇಷ್ಟು ಬಿಗಿಯಾದಾಗ 'ಇದೂ ಇರಲಿ, ಅದೂ ಇರಲಿ' ಎನ್ನುವಂತಿಲ್ಲ. ಸ್ಟುಡ್‌ಸ್ಯಾಟ್ ಹೊತ್ತದ್ದು ಭೂಮಿಯ ಚಿತ್ರ ತೆಗೆಯುವ ಒಂದು ಪುಟ್ಟ ಕ್ಯಾಮೆರಾ, ಪ್ರತಿ ಬಿಂದು ನೆಲದ ಮೇಲಿನ ಸುಮಾರು 90 ಮೀಟರಿಗೆ ಸಮ.

ಇಂಥ ಯೋಜನೆಯಲ್ಲಿ ಒಂದು ಸಾಲನ್ನೂ ಬರೆಯುವ ಮೊದಲು ಮಾಡಬೇಕಾದ ಲೆಕ್ಕ ಎಂಥದೆಂದು ನೋಡೋಣ. ಇದನ್ನು ಬಿ.ಎಸ್‌ಸಿ. ವಿದ್ಯಾರ್ಥಿಯೂ ಮಾಡಬಲ್ಲ. ಕಕ್ಷೆಯ ಎತ್ತರ 637 ಕಿ.ಮೀ. ಭೂಮಿಯ ತ್ರಿಜ್ಯ 6378 ಕಿ.ಮೀ. ಕೂಡಿಸಿದರೆ ಕಕ್ಷೆಯ ತ್ರಿಜ್ಯ 7015 ಕಿ.ಮೀ. ಅದರಿಂದ ವೇಗ ಸೆಕೆಂಡಿಗೆ ಸುಮಾರು 7.5 ಕಿ.ಮೀ., ಒಂದು ಸುತ್ತಿಗೆ ಸುಮಾರು 97 ನಿಮಿಷ. ನೆತ್ತಿಯ ಮೇಲೆಯೇ ಹಾದುಹೋದರೂ ದಿಗಂತದಿಂದ ದಿಗಂತಕ್ಕೆ ಅದು ಕಾಣುವುದು 13 ನಿಮಿಷ. ದಿಗಂತದ ಹತ್ತಿರ ಸಂಕೇತ ಕ್ಷೀಣವಾಗಿರುವುದರಿಂದ 10 ನಿಮಿಷ ದಕ್ಕಿದರೆ ಪುಣ್ಯ. ರೇಡಿಯೋ ಸೆಕೆಂಡಿಗೆ 9600 ಬಿಟ್ ಕಳುಹಿಸುತ್ತದೆ ಎಂದು ಇಟ್ಟುಕೊಂಡರೆ 10 ನಿಮಿಷದಲ್ಲಿ 57.6 ಲಕ್ಷ ಬಿಟ್. ಒಂದು ಚಿತ್ರ 640×480 ಬಿಂದುಗಳದ್ದು, ಬಿಂದುವಿಗೆ 8 ಬಿಟ್ ಎಂದಾದರೆ ಸುಮಾರು 24.6 ಲಕ್ಷ ಬಿಟ್. ಅಂದರೆ ಒಂದು ಹಾಯುವಿಕೆಗೆ ಎರಡು ಚಿತ್ರ, ಮೂರನೆಯದಕ್ಕೆ ಜಾಗವಿಲ್ಲ. ನಡುವೆ ಬ್ಯಾಟರಿ, ತಾಪಮಾನಗಳ ವರದಿಯೂ ಬರಬೇಕು. ಹಾಗಾದರೆ ಚಿತ್ರವನ್ನು ಕುಗ್ಗಿಸುವ ಕ್ರಮವಿಧಿ ಬೇಕೇ, ಬೇಡವೇ? ಬೇಕಾದರೆ ಅದನ್ನು ಕ್ಯಾಮೆರಾ ತಂಡ ಬರೆಯಬೇಕೋ ರೇಡಿಯೋ ತಂಡವೋ? ಈ ಪ್ರಶ್ನೆ ಯೋಜನೆಯ ಕಾಗದದ ಮೇಲೆ ಎದ್ದರೆ ಅರ್ಧ ಗಂಟೆಯ ಚರ್ಚೆ. ಜೋಡಣೆಯ ದಿನ ಎದ್ದರೆ ಎರಡೂ ತಂಡಗಳು ಅದು ಇನ್ನೊಬ್ಬರ ಕೆಲಸವೆಂದು ತಿಳಿದಿರುತ್ತವೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 1999ರ ಸೆಪ್ಟೆಂಬರ್ 23ರಂದು ಮಂಗಳನನ್ನು ತಲುಪಿದ ನಾಸಾದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಗ್ರಹಕ್ಕೆ ತೀರ ಹತ್ತಿರ ಹೋಗಿ ಕಳೆದುಹೋಯಿತು. ನೆಲದ ಮೇಲಿನ ಒಂದು ತಂತ್ರಾಂಶ ಆವೇಗವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು, ಅದನ್ನು ಪಡೆಯುವ ತಂತ್ರಾಂಶ ನ್ಯೂಟನ್-ಸೆಕೆಂಡು ಎಂದು ಓದುತ್ತಿತ್ತು. ಒಂದು ಪೌಂಡ್ ಬಲವೆಂದರೆ 4.45 ನ್ಯೂಟನ್. ಎರಡು ತಂತ್ರಾಂಶಗಳೂ ಬೇರೆ ಬೇರೆಯಾಗಿ ನೋಡಿದರೆ ಕೆಲಸ ಮಾಡುತ್ತಿದ್ದವು. ಪ್ರಯೋಗಾಲಯದ ದಾಖಲೆಯಲ್ಲಿ ಏಕಮಾನ ಬರೆಯದವನಿಗೆ ಅರ್ಧ ಅಂಕ ಕಳೆಯುವ ನಮ್ಮ ಹಳೆಯ ಪದ್ಧತಿಯನ್ನು ಯಾರಾದರೂ ಗೊಡ್ಡು ಎಂದಾಗ ನಾನು ಈ ಪ್ರಸಂಗವನ್ನು ಹೇಳುವುದುಂಟು.

ಸ್ಟುಡ್‌ಸ್ಯಾಟ್ ತಂಡಕ್ಕೆ ಇಸ್ರೋ ತಜ್ಞರ ಮುಂದೆ ವಿನ್ಯಾಸದ ಪರಿಶೀಲನೆಗಳನ್ನು ದಾಟಬೇಕಿತ್ತು. ಪಿ.ಎಸ್.ಎಲ್.ವಿ. ಸಿ-15 ರಾಕೆಟ್ 2010ರ ಮೇ 9ರಂದು ಹಾರಬೇಕಾಗಿತ್ತು. ಎರಡನೆಯ ಹಂತದಲ್ಲಿ ಒತ್ತಡ ಇಳಿದದ್ದು ಕಂಡುಬಂದು ಅದು ಮುಂದಕ್ಕೆ ಹೋಯಿತು. ಜುಲೈ 12ರಂದು ಕಾರ್ಟೊಸ್ಯಾಟ್-2ಬಿ ಮತ್ತಿತರ ಉಪಗ್ರಹಗಳ ಜೊತೆ ಸ್ಟುಡ್‌ಸ್ಯಾಟ್ ಕಕ್ಷೆ ಸೇರಿತು. ನಿಟ್ಟೆ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಸಿದ್ಧವಾಗಿದ್ದ ಭೂಕೇಂದ್ರಕ್ಕೆ ಅಂದೇ ಅದರ ಸಂಕೇತ ಕೇಳಿಸಿತು. 2007ರಲ್ಲಿ ಯೋಚನೆ, 2010ರಲ್ಲಿ ಉಡಾವಣೆ. ಈ ಮೂರು ವರ್ಷಗಳಲ್ಲಿ ಅಂತಿಮ ವರ್ಷದವರು ಪದವಿ ಪಡೆದು ಹೊರಡುತ್ತಾರೆ, ಕಿರಿಯರು ಬಂದು ಸೇರುತ್ತಾರೆ. ವಿದ್ಯಾರ್ಥಿ ತಂಡದ ವಿಶೇಷ ಕಷ್ಟ ಇದೇ. ಕಂಪನಿಯಲ್ಲಿ ಜನ ಬಿಟ್ಟು ಹೋಗಬಹುದು, ಕಾಲೇಜಿನಲ್ಲಿ ಹೋಗಿಯೇ ಹೋಗುತ್ತಾರೆ. ಹೊಸಬನಿಗೆ ತಂಡದ ನೆನಪೆಂದರೆ ಬರೆದಿಟ್ಟ ಕಾಗದ ಮಾತ್ರ. ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದ 5.25 ಕಿ.ಗ್ರಾಂ. ತೂಕದ 'ಪೈಸ್ಯಾಟ್' 2016ರ ಸೆಪ್ಟೆಂಬರ್ 26ರಂದು ಹಾರಿದಾಗ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ದಾರಿ ಹೊಸದಾಗಿರಲಿಲ್ಲ.

ಕರೂರಿನ ಕಾಲುವೆಯ ಕಡೆಗೆ

ಉಪಗ್ರಹವೆಂದರೆ ಬೆಂಗಳೂರಿನ ಮಾತಾಯಿತು, ನಮ್ಮಲ್ಲಿ ಅಂಥ ಅನುಕೂಲವೆಲ್ಲಿ ಎಂದು ಬಳ್ಳಾರಿ, ರಾಯಚೂರಿನ ಕಡೆಯ ಅಧ್ಯಾಪಕರು ಕೇಳುವುದು ಸಹಜ. ಆದ್ದರಿಂದ ಒಂದು ಕಲ್ಪಿತ ಪ್ರಸ್ತಾವನೆಯನ್ನು ಎತ್ತಿಕೊಳ್ಳೋಣ. ಬಳ್ಳಾರಿಯಲ್ಲಿ ಓದುವ ನಾಲ್ವರು. ಒಬ್ಬಳು ಸಿರುಗುಪ್ಪ ತಾಲ್ಲೂಕಿನ ಕರೂರಿನವಳು, ಒಬ್ಬ ಕುರುಗೋಡಿನವನು, ಇನ್ನಿಬ್ಬರು ನಗರದವರು. ತುಂಗಭದ್ರೆಯ ಬಲದಂಡೆ ಕೆಳಮಟ್ಟದ ಕಾಲುವೆ, ಜನರ ಬಾಯಲ್ಲಿ ಎಲ್.ಎಲ್.ಸಿ., ಸಿರುಗುಪ್ಪ ತಾಲ್ಲೂಕನ್ನು ಹಾದು ಆಂಧ್ರದ ಕಡೆಗೆ ಹೋಗುತ್ತದೆ. ಭತ್ತದ ಸೀಮೆ. ಕಾಲುವೆಯ ಮೇಲುಭಾಗದವರಿಗೆ ನೀರು ಹೆಚ್ಚು, ಕೊನೆಯವರಿಗೆ ಕಡಿಮೆ ಎಂಬ ದೂರು ಎಲ್ಲ ಕಾಲುವೆಗಳಷ್ಟೇ ಹಳೆಯದು. ತಂಡದ ಮೊದಲ ಶೀರ್ಷಿಕೆ 'ರೈತರಿಗಾಗಿ ಸಮಗ್ರ ಕೃಷಿ ಆ್ಯಪ್' ಎಂದಿರುತ್ತದೆ. ನೀರು, ಗೊಬ್ಬರ, ಹವಾಮಾನ, ಮಾರುಕಟ್ಟೆ ಧಾರಣೆ, ರೋಗ ಪತ್ತೆ ಎಲ್ಲವೂ ಉಂಟು. ಸಮಗ್ರ ಎಂಬ ಪದ ಕಂಡ ಕೂಡಲೇ ಮಾರ್ಗದರ್ಶಕರು ಕೆಂಪು ಪೆನ್ನು ತೆಗೆಯುವುದು ಒಳ್ಳೆಯದು.

ಒಂದೇ ಪ್ರಶ್ನೆಗೆ ಇಳಿಸೋಣ. ಒಂದು ತೂಬಿನ ಕೆಳಗಿನ ಹೊಲಗಾಲುವೆಯಲ್ಲಿ ದಿನಕ್ಕೆ ಎಷ್ಟು ನೀರು ಬಂತು ಎಂದು ದಾಖಲಿಸಿ ತೋರಿಸುವುದು, ಅಷ್ಟೇ. ಹರಿವನ್ನು ಅಳೆಯಲು ಲಂಬಕೋನದ ವಿ-ನಾಚ್ ಫಲಕ ಸಾಕು. ನೀರಿನ ಎತ್ತರ h ಮೀಟರ್ ಆದರೆ ಹರಿವು ಸುಮಾರು 1.38 h ಘಾತ 2.5 ಘನ ಮೀಟರ್, ಪ್ರತಿ ಸೆಕೆಂಡಿಗೆ. ಎತ್ತರ 20 ಸೆಂ.ಮೀ. ಇದ್ದಾಗ ಸೆಕೆಂಡಿಗೆ 25 ಲೀಟರ್. 22 ಸೆಂ.ಮೀ. ಎಂದು ಓದಿದರೆ 31 ಲೀಟರ್. ಎತ್ತರದಲ್ಲಿ ನೂರಕ್ಕೆ ಹತ್ತು ತಪ್ಪಾದರೆ ಹರಿವಿನಲ್ಲಿ ನೂರಕ್ಕೆ 27 ತಪ್ಪು. ತೆರೆಯ ಮೇಲೆ ಎರಡು ದಶಮಾಂಶ ಸ್ಥಾನ ತೋರಿಸುವ ಉತ್ಸಾಹ ಇಲ್ಲಿಗೆ ಮುಗಿಯಿತು. ಅಳತೆಕೋಲನ್ನು ಯಾರು, ಎಷ್ಟು ಹೊತ್ತಿಗೆ ಓದುತ್ತಾರೆ ಎಂಬುದು ದತ್ತಾಂಶ ಸಂಚಯದ ವಿನ್ಯಾಸಕ್ಕಿಂತ ಮೊದಲ ಪ್ರಶ್ನೆ.

ಆಮೇಲೆ ಕಾಲ. ಕಾಲೇಜಿಗೆ ಪರೀಕ್ಷೆಯ ಪಂಚಾಂಗ, ಕಾಲುವೆಗೆ ಅದರದೇ ಪಂಚಾಂಗ. ಮುಂಗಾರು ಬೆಳೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈ ಹೊತ್ತಿಗೆ. ಪ್ರಾಜೆಕ್ಟ್ ಬಿರುಸಾಗುವುದು ಫೆಬ್ರುವರಿಯ ನಂತರ. ಹಾಗಾಗಿ ಫಲಕ ನೆಡುವುದು, ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವುದು ಏಳನೆಯ ಸೆಮಿಸ್ಟರಿನಲ್ಲೇ ಆಗಬೇಕು, ಗಣಕದ ಕೆಲಸ ಆಮೇಲೆ. ರಾಯ್ಸ್ ಹೇಳಿದ ಸಣ್ಣ ಮೊದಲ ಪ್ರಯತ್ನ ಇಲ್ಲಿ ನೂರು ಪುಟದ ಒಂದು ನೋಟ್‌ಬುಕ್! ಅದರಲ್ಲಿ ಒಂದು ತಿಂಗಳು ದಿನಾಲೂ ಬರೆಯಲು ಆಗದಿದ್ದರೆ ಆ್ಯಪಿನಲ್ಲೂ ಆಗುವುದಿಲ್ಲ.

ಅನಿರೀಕ್ಷಿತಕ್ಕೂ ಒಂದು ಪ್ಯಾರಾ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರನ್ನು ನದಿಗೆ ಬಿಡಬೇಕಾಯಿತು. ಸ್ಟಾಪ್‌ಲಾಗ್‌ಗಳನ್ನು ಇಳಿಸಿ ತಡೆಯುವವರೆಗೂ ಈ ವರ್ಷದ ಬೆಳೆಯ ಗತಿಯೇನೆಂದು ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ಆ ವರ್ಷ ನಮ್ಮ ಕಲ್ಪಿತ ತಂಡ ಇದ್ದಿದ್ದರೆ? ನೀರೇ ಬಾರದಿದ್ದರೆ ಏನನ್ನು ಸಲ್ಲಿಸುತ್ತೇವೆ ಎಂಬ ಒಂದು ಸಾಲು ಪ್ರಸ್ತಾವನೆಯಲ್ಲಿದ್ದರೆ ತಂಡ ಬದುಕಿಕೊಳ್ಳುತ್ತದೆ. ಹಿಂದಿನ ವರ್ಷಗಳ ಗೇಜ್ ದಾಖಲೆ ಅಧಿಕಾರಿಗಳಿಂದ ಸಿಗುವುದಾದರೆ ಅದರ ಮೇಲೆ ಕೆಲಸ ಮಾಡಬಹುದು. ಆದರೆ ಅದಕ್ಕೆ ಅನುಮತಿ ಪತ್ರ ಬೇಕು, ಪತ್ರಕ್ಕೆ ವಾರಗಳು ಬೇಕು. ಇದೂ ಕಾಲಪಟ್ಟಿಯಲ್ಲಿ ಇರಬೇಕಾದದ್ದೇ.

ಕೆಲಸ ಹಂಚುವಾಗ 'ಒಬ್ಬ ಮುಂಭಾಗ, ಒಬ್ಬ ಹಿಂಭಾಗ, ಒಬ್ಬ ದತ್ತಾಂಶ, ಒಬ್ಬ ವರದಿ' ಎನ್ನುವುದು ವಾಡಿಕೆ. ವರದಿಯ ಪಾಲಿಗೆ ಬಂದವನು ಕೊನೆಯ ತಿಂಗಳವರೆಗೆ ಅತಿಥಿ. ಇದರ ಬದಲು ಅಳತೆಯೊಂದು ಕೋಲಿನಿಂದ ತೆರೆಯವರೆಗೆ ಬರುವ ದಾರಿಯನ್ನು ಹಂಚಿ, ಪ್ರತಿ ಇಬ್ಬರ ನಡುವಿನ ಗಡಿಯಲ್ಲಿ ಏನು ಕೈ ಬದಲಾಗುತ್ತದೆ ಎಂದು ಬರೆಯಬಹುದು. ಉದಾಹರಣೆಗೆ: ದಿನಾಂಕ, ಹೊತ್ತು, ತೂಬಿನ ಸಂಖ್ಯೆ, ಎತ್ತರ ಸೆಂಟಿಮೀಟರಿನಲ್ಲಿ, ಓದದ ದಿನ ಖಾಲಿ ಬಿಡುವುದು, ಸೊನ್ನೆ ಬರೆಯಕೂಡದು. ಆ ಕೊನೆಯ ಮಾತನ್ನು ಬರೆಯದಿದ್ದರೆ, ಕರೂರಿನವಳು ಹಬ್ಬಕ್ಕೆ ರಜೆ ಹಾಕಿದ ದಿನ ಕಾಲುವೆ ಬತ್ತಿತ್ತು ಎಂದು ಗಣಕ ಸಾಕ್ಷಿ ಹೇಳುತ್ತದೆ.

ಈಚಿನ ದಿನಗಳ ಮಾತು

2005ರಲ್ಲಿ ಗೂಗಲ್ ಸಂಸ್ಥೆ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಕಾರ್ಯಕ್ರಮದಲ್ಲಿ ಮುಕ್ತ ತಂತ್ರಾಂಶ ಗುಂಪುಗಳು ಅಭ್ಯರ್ಥಿಗಳನ್ನು ಆಯುವುದು ಮುಖ್ಯವಾಗಿ ಅವರ ಪ್ರಸ್ತಾವನೆಯನ್ನು ಓದಿ. 2022ರಿಂದ ಅದು ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಯಾವ ವಾರ ಏನು ಮುಗಿಸುತ್ತೀರಿ ಎಂದು ಅಲ್ಲಿ ಕೇಳುತ್ತಾರೆ. ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸುತ್ತ ಬಂದಿದ್ದಾರೆ. ಕಾಲೇಜಿನ ನಾಲ್ಕು ಪುಟಗಳನ್ನು ಮನಸ್ಸಿಟ್ಟು ಬರೆದವರಿಗೆ ಅಲ್ಲಿನ ಪ್ರಶ್ನೆಗಳು ಅಪರಿಚಿತವಾಗಿರುವುದಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ಕ್ರಮವಿಧಿಯನ್ನು ನಿಮಿಷಗಳಲ್ಲಿ ಬರೆದುಕೊಡುತ್ತಿವೆ. ಪ್ರಾಜೆಕ್ಟ್ ಅಂಗಡಿಗಳಿಗೂ ಇದರಿಂದ ಕಷ್ಟಕಾಲ ಬಂದಿರಬಹುದು! ಬ್ರೂಕ್ಸ್ ಲೆಕ್ಕದ ಆರನೆಯ ಒಂದು ಭಾಗ ಇನ್ನೂ ಕುಗ್ಗುತ್ತದೆ. ಯೋಜನೆಯ ಮೂರನೆಯ ಒಂದು ಭಾಗ, ಪರೀಕ್ಷೆಯ ಅರ್ಧ ಭಾಗ ಹಾಗೆಯೇ ಉಳಿಯುತ್ತವೆ. ಪ್ರಸ್ತಾವನೆಯನ್ನೂ ಯಂತ್ರವೇ ಬರೆದುಕೊಡುತ್ತದೆ ಎನ್ನುವವರಿದ್ದಾರೆ. ಬರೆದುಕೊಡುತ್ತದೆ, ನಿಜ. ಆ ತೂಬಿನ ನೀರುಗಂಟಿ ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಾನೆ, ಫಲಕ ನೆಡಲು ಹೊಲದ ಯಜಮಾನರು ಒಪ್ಪಿದ್ದಾರೆಯೇ, ಅಲ್ಲಿ ಮೊಬೈಲ್ ಸಂಕೇತ ಸಿಗುತ್ತದೆಯೇ ಎಂಬುದು ಅದಕ್ಕೆ ತಿಳಿಯದು. ಹೋಗಿ ಕೇಳಿ ಬಂದು ಬರೆಯಬೇಕು.

ಕೊನೆಯದಾಗಿ ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ. ವಿಶ್ವವಿದ್ಯಾನಿಲಯಕ್ಕೆ ಸಲ್ಲಬೇಕಾದ ಪ್ರತಿ ಇಂಗ್ಲಿಷಿನಲ್ಲೇ ಇರಲಿ. ಅದಕ್ಕೂ ಮೊದಲು ಒಂದು ಪುಟವನ್ನು ಕನ್ನಡದಲ್ಲಿ ಬರೆಸಿ. ಈ ತಂತ್ರಾಂಶ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ನಿಮ್ಮಿಂದ ನಮಗೇನು ಬೇಕು ಎಂಬ ಮೂರು ವಿಷಯ ಅದರಲ್ಲಿದ್ದರೆ ಸಾಕು. ಅದನ್ನು ಕರೂರಿನ ಆ ಹೊಲದ ಯಜಮಾನರ ಮುಂದೆ ಓದಿ ಹೇಳಲಿ. ಅವರು ಕೇಳುವ ಪ್ರಶ್ನೆಗಳನ್ನು ಅದೇ ಪುಟದ ಹಿಂಬದಿಯಲ್ಲಿ ಬರೆದುಕೊಂಡು ಬರಲಿ. ಮಾರ್ಗದರ್ಶಕರ ಸಹಿ ಬೀಳುವ ಮೊದಲು ಆ ಹಿಂಬದಿ ಖಾಲಿ ಇಲ್ಲವೆಂದು ನೋಡಿಕೊಂಡರಾಯಿತು.